ಮಟ್ಟು ಯಾರದು?

ನಮ್ಮ ಗಡಿನಾಡಿನವರಿಗೆ ಒಂದು ಹಳೆಯ ಚಾಳಿಯಿದೆ. ಬಸ್ಸಿನಲ್ಲೋ ಚಹಾದಂಗಡಿಯಲ್ಲೋ ಹಳೆಯ ಹಾಡೊಂದು ಕೇಳಿಬಂದರೆ ಸಾಕು, ಪಲ್ಲವಿ ಮುಗಿಯುವುದರೊಳಗೆ ಪಕ್ಕದವರು "ಇದು ಆ ಹಾಡೇ ಅಲ್ಲವೆ?" ಎಂದು ಇನ್ನೊಂದನ್ನು ಗುನುಗತೊಡಗುತ್ತಾರೆ. ಕನ್ನಡದ್ದಕ್ಕೆ ಮಲಯಾಳದ್ದು, ಮಲಯಾಳದ್ದಕ್ಕೆ ಹಿಂದಿಯದು, ಹಿಂದಿಯದಕ್ಕೆ ಕಡಲಾಚೆಯ ಇನ್ನಾವುದೋ. ಬೆಂಗಳೂರು, ಕಲ್ಲಿಕೋಟೆ, ಸಿಲೋನುಗಳನ್ನು ಒಂದೇ ರೇಡಿಯೊದ ಮುಳ್ಳು ತಿರುಗಿಸಿ ಹುಡುಕುತ್ತ ಬೆಳೆದ ಕಿವಿಗಳು ನಮ್ಮವು. ಹೋಲಿಕೆ ಕಂಡುಹಿಡಿಯುವುದರಲ್ಲಿ ನಮ್ಮನ್ನು ಮೀರಿಸುವವರು ಕಡಿಮೆ. ಕಂಡುಹಿಡಿದ ಕೂಡಲೇ ತೀರ್ಪನ್ನೂ ಕೊಟ್ಟುಬಿಡುತ್ತೇವೆ: "ಕದ್ದದ್ದು!"

ಈ ತೀರ್ಪು ಕೊಡುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. 1961ರ 'ಛಾಯಾ' ಚಿತ್ರದ ಒಂದು ಯುಗಳಗೀತೆಯನ್ನು ಸಲಿಲ್ ಚೌಧರಿ ಮೊಜಾರ್ಟನ ನಲವತ್ತನೆಯ ಸಿಂಫನಿಯಿಂದ ಎತ್ತಿದ್ದಾರೆಂದು ತಿಳಿದ ದಿನ ನಾನು ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಅರ್ಧ ಗಂಟೆ ಉಪನ್ಯಾಸ ಮಾಡಿದ್ದೆ. 'ಮಧುಮತಿ'ಯ ಹಾಡೊಂದು ಪೋಲೆಂಡಿನ ಜನಪದ ಗೀತೆಯ ಹಾಗಿದೆ ಎಂದು ಗೊತ್ತಾದಾಗ ಇನ್ನರ್ಧ ಗಂಟೆ. ಈಗ ಆ ಉತ್ಸಾಹ ಉಳಿದಿಲ್ಲ. ಅದಕ್ಕೆ ಕಾರಣವನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಸರಿಯಾಗದು.

1983ರಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಸ್ವಾಗತಗೀತೆ ಬೇಕಾಗಿತ್ತು. ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ ಕೆಲಸ ನನ್ನ ಪಾಲಿಗೆ ಬಂತು. ಸಾಹಿತ್ಯ ಬರೆಯಲು ನಾಲ್ಕು ದಿನ ತಿಣುಕಿದೆ. ಹೊಡೆದುಹಾಕಿದ ಸಾಲುಗಳೇ ಉಳಿದವಕ್ಕಿಂತ ಹೆಚ್ಚು. ಧಾಟಿ ಮಾತ್ರ ಒಂದು ರಾತ್ರಿ ಊಟ ಮಾಡಿ ಕೈ ತೊಳೆಯುವಾಗ ತಾನಾಗಿ ಬಂತು. ಪಲ್ಲವಿ, ನಡುವಿನ ಏರು, ಮರಳಿ ಇಳಿಯುವ ತಿರುವು, ಎಲ್ಲವೂ ಒಟ್ಟಿಗೆ. ಒಂದು ಸ್ವರವನ್ನೂ ತಿದ್ದಬೇಕಾಗಿ ಬರಲಿಲ್ಲ. ಮಕ್ಕಳು ಎರಡೇ ದಿನದಲ್ಲಿ ಕಲಿತರು. ಕಾರ್ಯಕ್ರಮದ ಪಟ್ಟಿಯಲ್ಲಿ 'ರಚನೆ ಮತ್ತು ರಾಗಸಂಯೋಜನೆ' ಎಂದು ನನ್ನ ಹೆಸರು ಅಚ್ಚಾಯಿತು. ಮುಖ್ಯ ಅತಿಥಿಗಳು ಸಾಹಿತ್ಯದ ಬಗ್ಗೆ ಏನೂ ಹೇಳಲಿಲ್ಲ, ಧಾಟಿಯನ್ನು ಬಹಳ ಹೊಗಳಿದರು. ಅಂದಿನಿಂದ ಅದು ಪ್ರತಿವರ್ಷದ ಹಾಡಾಯಿತು. ನಾನು ನಿವೃತ್ತನಾದ ಮೇಲೂ ಹಾಡುತ್ತಿದ್ದಾರೆ.

2009ರಲ್ಲಿ ನೆರೆಮನೆಯ ಮಾಪ್ಪಿಳ್ಳ ಕುಟುಂಬದಲ್ಲಿ ಒಂದು ಮದುವೆ. ಒಳಗೆ ಮದುಮಗಳ ಸುತ್ತ ಹೆಂಗಸರು ಕೈ ತಟ್ಟಿ ಹಾಡುತ್ತಿದ್ದರು. ನಾನು ಜಗಲಿಯಲ್ಲಿ ಗಂಡಸರೊಂದಿಗೆ ಕುಳಿತಿದ್ದೆ. ಒಳಗಿನಿಂದ ನನ್ನ ಸ್ವಾಗತಗೀತೆ ಕೇಳಿಬಂತು. ಮಾತು ಬೇರೆ, ಧಾಟಿ ಅದೇ. ಆಗ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರವನ್ನು ಹೇಳಿದರೆ ಓದುಗರು ನಕ್ಕಾರು: "ನೋಡಿ, ಈ ಮನೆಯ ಮಕ್ಕಳೆಲ್ಲ ನಮ್ಮ ಶಾಲೆಯಲ್ಲೇ ಓದಿದವರು, ನನ್ನ ಧಾಟಿಯನ್ನು ಮದುವೆಯ ಹಾಡಿಗೆ ತೆಗೆದುಕೊಂಡಿದ್ದಾರೆ" ಎಂದು ಹೆಮ್ಮೆಪಟ್ಟೆ. ಬಾಗಿಲ ಸಂದಿಯಿಂದ ಇಣುಕಿದಾಗ ಹಾಡುತ್ತಿದ್ದವರಲ್ಲಿ ಗಟ್ಟಿ ಸ್ವರ ಎಂಬತ್ತು ದಾಟಿದ ಒಬ್ಬ ಮುದುಕಿಯದು. ಆಕೆ ಯಾವ ಶಾಲೆಗೂ ಹೋದವಳಲ್ಲ. ಕಣ್ಣು ಮುಚ್ಚಿ ತಲೆಯಾಡಿಸುತ್ತ ಹಾಡುತ್ತಿದ್ದಳು. ಆ ತಲೆಯಾಡಿಸುವಿಕೆಯನ್ನು ನಾನು ಹಿಂದೆ ಕಂಡಿದ್ದೆ.

ನಾನು ಏಳೆಂಟು ವರ್ಷದವನಾಗಿದ್ದಾಗ ಆ ಮನೆಯ ಜಗಲಿಯಲ್ಲಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದ ಒಬ್ಬರಿದ್ದರು. ಊರ ಮಕ್ಕಳಿಗೆಲ್ಲ ಅವರು 'ಬೀಡಿ ಉಮ್ಮ'. ಎಲೆ ಕತ್ತರಿಸುವಾಗ ಮಾತು, ಸುತ್ತಲು ತೊಡಗಿದರೆ ಹಾಡು. ನೂಲಿನ ಗಂಟು ಬೀಳುವಲ್ಲಿ ತಾಳ. ಶಾಲೆಯಿಂದ ಬಂದು ಅವರ ಪಕ್ಕದಲ್ಲಿ ಕುಳಿತು, ಕಟ್ಟು ಎಣಿಸಿಕೊಟ್ಟು, ಬೆಲ್ಲದ ತುಂಡು ಪಡೆದವನು ನಾನು. ಎಷ್ಟು ಸಂಜೆಗಳೋ. ಅವರು ತೀರಿಕೊಂಡು ಆಗಲೇ ಹದಿನೈದು ವರ್ಷ ದಾಟಿತ್ತು. ಹಾಡುತ್ತಿದ್ದ ಮುದುಕಿ ಅವರ ತಂಗಿ.

ಆ ದಿನ ನಾನು ಯಾರಿಗೂ ಏನೂ ಹೇಳದೆ ಮನೆಗೆ ಬಂದೆ.

ಆ ಮೇಲೆ ಈ ವಿಷಯ ತಲೆಹೊಕ್ಕಿತು. ಇಂಥದ್ದು ಬೇರೆ ಯಾರಿಗಾದರೂ ಆಗಿದೆಯೇ ಎಂದು ಹುಡುಕಿದವನಿಗೆ ಎದುರಾದದ್ದು ಜಾರ್ಜ್ ಹ್ಯಾರಿಸನ್ನನ ಮೊಕದ್ದಮೆ. ಬೀಟಲ್ಸ್ ಬಳಗದ ಈತ, ಸಿತಾರ್ ಕಲಿಯಲು ರವಿಶಂಕರರ ಶಿಷ್ಯನಾದವನು, 1970ರಲ್ಲಿ 'ಮೈ ಸ್ವೀಟ್ ಲಾರ್ಡ್' ಎಂಬ ಪ್ರಾರ್ಥನೆಯಂಥ ಹಾಡನ್ನು ಹೊರತಂದ. ಕ್ರೈಸ್ತರ ಹಲ್ಲೆಲೂಯವೂ ನಮ್ಮ ಹರೇಕೃಷ್ಣವೂ ಅದರಲ್ಲಿ ಬೆರೆತಿವೆ. ಲೋಕವೆಲ್ಲ ಹಾಡಿತು. ಮರುವರ್ಷವೇ ನ್ಯೂಯಾರ್ಕಿನಲ್ಲಿ ದಾವೆ ಬಿತ್ತು: ಈ ಧಾಟಿ 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದ 'ಹೀ ಈಸ್ ಸೋ ಫೈನ್' ಎಂಬ ಹಾಡಿನದು ಎಂದು. ಅದನ್ನು ಹಾಡಿದವರು ಬ್ರಾಂಕ್ಸ್ ಬಡಾವಣೆಯ ಷಿಫಾನ್ಸ್ ಎಂಬ ಕರಿಯ ಹುಡುಗಿಯರ ತಂಡ. ಬರೆದವನು ರಾನಿ ಮ್ಯಾಕ್ ಎಂಬ ತರುಣ. ಹಾಡು ಗೆದ್ದ ವರ್ಷವೇ ಅವನು ಕಾಯಿಲೆಯಿಂದ ತೀರಿಕೊಂಡ. ದಾವೆ ಹೂಡಿದ್ದು ಹಕ್ಕು ಹೊಂದಿದ್ದ ಪ್ರಕಾಶನ ಸಂಸ್ಥೆ.

ನ್ಯಾಯಾಧೀಶ ರಿಚರ್ಡ್ ಓವೆನ್ ಸ್ವತಃ ಸಂಗೀತ ರಚಿಸಬಲ್ಲವರು, ಆಪೆರಾಗಳನ್ನು ಬರೆದವರು. ಹಾಗಾಗಿ ಅವರ ತೀರ್ಪು ಸ್ವರಗಳನ್ನೇ ಎಣಿಸುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಎರಡೂ ಹಾಡುಗಳಲ್ಲಿ ಮೊದಲು 'ಪ ಗ ರಿ' ಎಂಬ ಇಳಿತ, ಅದರ ಪುನರಾವರ್ತನೆ. ಅನಂತರ 'ಪ ದ ಸ ದ ಸ' ಎಂಬ ಏರಾಟ, ಅದರ ಪುನರಾವರ್ತನೆ. ಬಿಡಿಬಿಡಿಯಾಗಿ ಈ ತುಣುಕುಗಳಲ್ಲಿ ಹೊಸತೇನಿಲ್ಲ, ಆದರೆ ಇವುಗಳನ್ನು ಹೀಗೆಯೇ ಜೋಡಿಸಿ ಇಷ್ಟಿಷ್ಟು ಸಲ ಹೇಳುವುದು ಬೇರೆಲ್ಲೂ ಇಲ್ಲವೆಂದು ವಾದ. ಎರಡನೆಯ ತುಣುಕಿನಲ್ಲಿ ಒಂದೆಡೆ ಬರುವ ರಿಷಭದ ಪುಟ್ಟ ಸ್ಪರ್ಶವೂ ಎರಡರಲ್ಲೂ ಒಂದೇ ಜಾಗದಲ್ಲಿದೆ. ಇದನ್ನು ಓದುವಾಗ ನನಗೆ ನಗು ಬಂತು. ಸ, ರಿ, ಗ, ಪ, ದ: ಗೀತೆ ಕಲಿಯುವ ಮಗುವಿಗೂ ಗೊತ್ತು, ಇದು ಮೋಹನ. ನಮ್ಮಲ್ಲಿ ಇಬ್ಬರು ವಿದ್ವಾಂಸರು ಒಂದೇ ರಾಗದ ಒಂದೇ ಸಂಚಾರವನ್ನು ಹಿಡಿದರೆ ಯಾರೂ ವಕೀಲರನ್ನು ಕರೆಯುವುದಿಲ್ಲ. ಹಿಡಿಯದಿದ್ದರೆ ರಾಗವೇ ಬರಲಿಲ್ಲವೆನ್ನುತ್ತಾರೆ. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ರಾಗ ಎಲ್ಲರದಾದರೂ ಆ ರಾಗದಲ್ಲಿ ಹೊಸೆದ ನಿರ್ದಿಷ್ಟ ಪಲ್ಲವಿ ಎಲ್ಲರದಲ್ಲ ಎಂಬುದನ್ನು ನಾವೂ ಒಪ್ಪುತ್ತೇವಷ್ಟೆ. ಎರಡು ಹಾಡುಗಳನ್ನೂ ಒಂದರ ಹಿಂದೊಂದು ಕೇಳಿದೆ. ನ್ಯಾಯಾಧೀಶರು ತಪ್ಪಿಲ್ಲ.

1976ರಲ್ಲಿ ಬಂದ ಆ ತೀರ್ಪಿನ ಸಾರ ವಿಚಿತ್ರವಾದುದು. ಹ್ಯಾರಿಸನ್ ಬೇಕೆಂದೇ ನಕಲು ಮಾಡಿದನೆಂದು ನ್ಯಾಯಾಧೀಶರು ನಂಬಲಿಲ್ಲ. ಹಾಡು ಹೇಗೆ ಹುಟ್ಟಿತೆಂದು ಅವನು ಸಾಕ್ಷ್ಯ ನುಡಿದ: ಗಿಟಾರಿನ ಮೇಲೆ ಬೆರಳಾಡಿಸುತ್ತ, ಗೆಳೆಯ ಬಿಲ್ಲಿ ಪ್ರೆಸ್ಟನ್ ಮೊದಲಾದವರೊಂದಿಗೆ ಹಾಡಿ ಹಾಡಿ ರೂಪಿಸಿದ್ದು. ಹಾಗಾದರೆ ಈ ಸ್ವರಗಳು ಕೈಗೆ ಹಿತವಾಗಿ ಬಂದದ್ದೇಕೆ? ಹಿಂದೊಮ್ಮೆ ಕೇಳಿದ್ದು ಮನಸ್ಸಿನ ತಳದಲ್ಲಿ ಉಳಿದಿತ್ತು, 'ಇದು ಗೆಲ್ಲುತ್ತದೆ' ಎಂದು ಆ ತಳಕ್ಕೆ ಗೊತ್ತಿತ್ತು, ಮೇಲಿನ ಮನಸ್ಸಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಕಾನೂನಿನ ಪ್ರಕಾರ ಅದು ಉಲ್ಲಂಘನೆಯೇ. ಇದರ ಮುಂದಿನ ಕಥೆ ಹಣದ್ದು. ಹ್ಯಾರಿಸನ್ನನ ಪರವಾಗಿದ್ದ ಮಾಜಿ ವ್ಯವಸ್ಥಾಪಕನೇ ಎದುರು ಪಕ್ಷದ ಹಕ್ಕನ್ನು ಕೊಂಡುಕೊಂಡು ವಾದಿಯಾಗಿ ಬಂದು ನಿಂತ. ಅವನು ಲಾಭ ಮಾಡಿಕೊಳ್ಳಕೂಡದೆಂದು 1981ರಲ್ಲಿ ನ್ಯಾಯಾಲಯ ಅವನು ಕೊಟ್ಟಿದ್ದ 5,87,000 ಡಾಲರನ್ನಷ್ಟೇ ಕೊಡಿಸಿತು. ಅದರಲ್ಲಿ ನನಗೆ ಆಸಕ್ತಿಯಿಲ್ಲ.

ನನ್ನನ್ನು ಕಾಡಿದ್ದು ಬೇರೆ ಎರಡು ಸಂಗತಿಗಳು. ಮೊದಲನೆಯದು: ಹ್ಯಾರಿಸನ್ ತನಗೆ ಸ್ಫೂರ್ತಿಯಾದದ್ದು ಎಡ್ವಿನ್ ಹಾಕಿನ್ಸ್ ತಂಡದ 'ಓ ಹ್ಯಾಪಿ ಡೇ' ಎಂಬ ಭಕ್ತಿಗೀತೆ ಎಂದು ತಾನಾಗಿ ಹೇಳಿಕೊಂಡಿದ್ದ. ಆ ಋಣ ನೆನಪಿತ್ತು. ಹುಡುಗಿಯರು ಹಾಡಿದ ಪ್ರೇಮದ ಹಗುರ ಹಾಡಿನ ಋಣ ಮಾತ್ರ ನೆನಪಿರಲಿಲ್ಲ. ಎರಡನೆಯದು: 'ಮೈ ಸ್ವೀಟ್ ಲಾರ್ಡ್'ನ ಕೊನೆಯ ಭಾಗದಲ್ಲಿ ಗುರುವನ್ನು ಬ್ರಹ್ಮನೆಂದೂ ವಿಷ್ಣುವೆಂದೂ ಸ್ತುತಿಸುವ, ನಮ್ಮ ಮಕ್ಕಳೆಲ್ಲರಿಗೂ ಬಾಯಿಗೆ ಬರುವ ಶ್ಲೋಕವಿದೆ. ಅದಕ್ಕಾಗಿ ಯಾರೂ ದಾವೆ ಹೂಡಲಿಲ್ಲ. ಹೂಡಬೇಕೆಂದು ನಾನು ಹೇಳುತ್ತಲೂ ಇಲ್ಲ. ಹಕ್ಕುಪತ್ರ ಇದ್ದದ್ದಕ್ಕೆ ಒಡೆಯ ಸಿಕ್ಕಿದ, ಎಲ್ಲರದ್ದಾಗಿದ್ದುದಕ್ಕೆ ಯಾರೂ ಸಿಗಲಿಲ್ಲ ಎಂಬುದನ್ನು ಗಮನಿಸಿದೆ, ಅಷ್ಟೆ.

ಕಾನೂನನ್ನು ಬಿಟ್ಟು ನಮ್ಮ ಶಾಸ್ತ್ರಕಾರರು ಏನು ಹೇಳುತ್ತಾರೆ? ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳ ನಡುವಿನ ಹೋಲಿಕೆಯನ್ನು, ಅವನ ಮಾತಿನಲ್ಲಿ ಸಂವಾದವನ್ನು, ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ಇರುವುದು ಒಂದು. ಅದಕ್ಕೆ ಸ್ವಂತ ಜೀವವೇ ಇಲ್ಲ. ಬರೆದ ಚಿತ್ರದಂತೆ ಇರುವುದು ಇನ್ನೊಂದು. ಜೀವ ಇದೆಯೆಂದರೂ ಅದು ತೀರ ತೆಳುವು. ಈ ಎರಡನ್ನೂ ಕವಿ ಬಿಡಬೇಕು. ಮೂರನೆಯದು ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವ ಹಾಗೆ: ಮೈ ಒಂದೇ ತರ, ಆತ್ಮ ಬೇರೆ. ಇದನ್ನು ಬಿಡಬೇಕಾಗಿಲ್ಲ. ಅವನು ಹೇಳಿದ್ದು ಕಾವ್ಯಾರ್ಥದ ಮಾತು; ನಾನು ಅದನ್ನು ಧಾಟಿಗೆ ಹಚ್ಚುತ್ತಿದ್ದೇನೆ. ಹಚ್ಚಿದರೆ ಸಲಿಲ್ ಚೌಧರಿಯವರ ಮೇಲೆ ನಾನು ಮಾಡಿದ ಉಪನ್ಯಾಸ ನಾಚಿಕೆಗೇಡಿನದಾಗುತ್ತದೆ. ಮೊಜಾರ್ಟನ ಆ ಮೊದಲ ಸೊಲ್ಲು ತಿಳಿದವರಿಗೆಲ್ಲ ತಿಳಿಯುವಂತೆ ತೆರೆದೇ ಇದೆ, ಆ ಬಳಿಕ ಹಾಡು ತನ್ನ ದಾರಿ ಹಿಡಿಯುತ್ತದೆ. ಆ ಮನುಷ್ಯ ಬಂಗಾಳಿಯಲ್ಲಿ ಮಾಡಿದ ಧಾಟಿಯನ್ನು ಹಿಂದಿಗೂ ಮಲಯಾಳಕ್ಕೂ ಒಯ್ದವರು. 1965ರ 'ಚೆಮ್ಮೀನ್'ಗೆ ಸಂಗೀತ ಕೊಟ್ಟವರೇ 1977ರಲ್ಲಿ ಕನ್ನಡದ 'ಕೋಕಿಲ'ಕ್ಕೂ ಕೊಟ್ಟರು. ಅವರಿಗೆ ಧಾಟಿಯೆಂದರೆ ಗಡಿ ದಾಟುವ ವಸ್ತುವೇ ಆಗಿತ್ತು.

ಆನಂದವರ್ಧನನಲ್ಲಿ ಒಂದು ಮಾತು ಇಲ್ಲ. ಹೋಲುವ ಇಬ್ಬರಲ್ಲಿ ಒಬ್ಬ ಮಗ, ಇನ್ನೊಬ್ಬಳು ತಾಯಿಯಾಗಿದ್ದರೆ, ಮಗ ತಾಯಿಯ ಹೆಸರನ್ನು ಹೇಳಬೇಕೇ? ಕೃತಿಗೆ ಆತ್ಮ ಇದೆಯೇ ಎಂಬುದು ರಸಿಕನ ಪ್ರಶ್ನೆ. ಹೆಸರು ಹೇಳಿದೆಯಾ ಎಂಬುದು ನೆರೆಹೊರೆಯ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ನಮ್ಮ ಹಿರಿಯರಲ್ಲಿ ಬಹಳ ಸರಳವಾದ ಏರ್ಪಾಡೊಂದಿತ್ತು. ಹಳೆಯ ಭಜನೆಯ ಪುಸ್ತಕಗಳನ್ನೋ ನಾಟಕ ಕಂಪೆನಿಗಳು ಗೇಟಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನೋ ತೆರೆದು ನೋಡಿ. ಹಾಡಿನ ತಲೆಯ ಮೇಲೆ 'ಮಟ್ಟು' ಎಂದು ಬರೆದು, ಯಾವ ಹಾಡಿನ ಧಾಟಿಯಲ್ಲಿ ಇದನ್ನು ಹಾಡಬೇಕೋ ಅದರ ಮೊದಲ ಮಾತನ್ನು ಕೊಟ್ಟಿರುತ್ತಾರೆ. ಮರಾಠಿಯದಾಗಲಿ ಹಿಂದಿಯದಾಗಲಿ ಮುಚ್ಚುಮರೆಯಿಲ್ಲ. ಮಾಪ್ಪಿಳ್ಳಪ್ಪಾಟ್ಟಿನಲ್ಲಿ ಇದೇ ಏರ್ಪಾಡಿಗೆ 'ಇಶಲ್' ಎಂದು ಹೆಸರು. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದಾಗ ಹಾಡುಹಾಡಿಗೂ ಇಶಲ್ ಇತ್ತು. ಆಮೇಲಿನವರು ಅವರ ಹಾಡುಗಳ ಮೊದಲ ಮಾತನ್ನೇ ತಮ್ಮ ಹಾಡಿನ ತಲೆಯಲ್ಲಿ ಇಶಲೆಂದು ಬರೆದುಕೊಂಡರು. ನಮ್ಮ ಮೊಗ್ರಾಲಿಗೆ ಇಶಲ್ ಗ್ರಾಮವೆಂಬ ಹೆಸರು ಬಂದದ್ದು ಅಂಥ ಹಾಡುಗಾರರಿಂದ. ಮೊಗ್ರಾಲಿನಿಂದ ಕೂಗಳತೆಯಲ್ಲಿ ಕುಂಬಳೆ, ಪಾರ್ತಿಸುಬ್ಬನ ಊರು. ಅವನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಗೂ ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಕೆಲವರು ಆ ಚರ್ಚೆಯನ್ನು ಕೇಳಿ ಮುಖ ಸಿಂಡರಿಸುವುದುಂಟು, ಯಕ್ಷಗಾನಕ್ಕೆ ಕುಂದು ಬಂತೆಂದು. ನನಗೆ ಹಾಗನ್ನಿಸುವುದಿಲ್ಲ. ಒಂದೇ ಮಳೆ ಬೀಳುವ ಎರಡು ಅಂಗಳಗಳ ನಡುವೆ ಕಥೆಯೂ ಪದವೂ ಹರಿದುಬರದಿದ್ದರೆ ಅದೇ ಆಶ್ಚರ್ಯ.

ಸಿನಿಮಾ ಬಂದು ಆದದ್ದೇನೆಂದರೆ, ಧಾಟಿ ತೆಗೆದುಕೊಳ್ಳುವುದು ಉಳಿಯಿತು, ತಲೆಯ ಮೇಲಿನ ಆ ಒಂದು ಸಾಲು ಅಳಿಯಿತು. ಮಲಯಾಳ ಚಿತ್ರಗಳಲ್ಲಿ ಬಹುಕಾಲ ಹಿಂದಿ ಮತ್ತು ತಮಿಳು ಧಾಟಿಗಳೇ ಇದ್ದವು, ಕನ್ನಡದಲ್ಲೂ ಅಂಥವು ಕಡಿಮೆಯಿಲ್ಲ. 1954ರ 'ನೀಲಕ್ಕುಯಿಲ್' ಆ ರೂಢಿಯನ್ನು ಮುರಿಯಿತೆಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಅದರಲ್ಲಿ ಪಿ. ಭಾಸ್ಕರನ್ ಬರೆದು ಕೆ. ರಾಘವನ್ ತಾವೇ ಹಾಡಿದ, ಹಿನ್ನೀರಿನ ದಡದಲ್ಲಿ ಬಲೆ ಬೀಸುವ ಹಾಡಿನ ಧಾಟಿ ಎಲ್ಲಿಯದು? ಮಾಪ್ಪಿಳ್ಳಪ್ಪಾಟ್ಟಿನದು. ಹಿಂದಿಯಿಂದ ತಂದರೆ ನಕಲು, ಮಲಬಾರಿನ ಮನೆಯಂಗಳದಿಂದ ತಂದರೆ ಸ್ವಂತ. ಸ್ವಂತವೇ ಹೌದು, ಆ ಹಾಡನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಆದರೂ ಅಂಗಳದಲ್ಲಿ ಹಾಡಿದವರ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆ ಹಾಗೆಯೇ ಉಳಿದಿತ್ತು. ಮರೆವು ತಪ್ಪೇ? ಗೊತ್ತಿದ್ದೂ ಮಟ್ಟನ್ನು ಮುಚ್ಚಿಟ್ಟವನನ್ನು ಬೈಯಬಹುದು. ಗೊತ್ತೇ ಇಲ್ಲದವನು ಏನನ್ನು ಬರೆಯಬೇಕಿತ್ತು? ಬಹಳ ದಿನ ಈ ಸಮಾಧಾನದಲ್ಲಿ ಕಳೆದೆ. ಆಮೇಲೆ ಎರಡು ಕಡೆ ಅದು ಕುಸಿಯಿತು. ಸಾಹಿತ್ಯಕ್ಕೆ ನಾಲ್ಕು ದಿನ ತಿಣುಕಿದವನಿಗೆ ಧಾಟಿ ಕೈ ತೊಳೆಯುವಷ್ಟರಲ್ಲಿ ಬಂತೆಂದರೆ ಸಂಶಯ ಹುಟ್ಟಬೇಕಿತ್ತು. ದಾರಿಯಲ್ಲಿ ಹಣದ ಚೀಲ ಸಿಕ್ಕಿದರೆ ಯಾರದೆಂದು ವಿಚಾರಿಸುವ ನಾವು, ತಲೆಯೊಳಗೆ ಸಿಕ್ಕಿದ್ದನ್ನು ಪ್ರತಿಭೆಯೆಂದು ಕರೆದು ಕಿಸೆಗೆ ಹಾಕಿಕೊಳ್ಳುತ್ತೇವೆ. ನಾನು ಯಾರನ್ನೂ ಕೇಳಲಿಲ್ಲ, ಏಕೆಂದರೆ ಕೇಳದಿರುವುದು ಹಿತವಾಗಿತ್ತು. ಇನ್ನೊಂದು ಇದಕ್ಕಿಂತ ಕಹಿ. ಅದೇ ಧಾಟಿಯನ್ನು ನಾನು ಒಂದು ಗ್ರಾಮಫೋನ್ ತಟ್ಟೆಯಲ್ಲಿ ದೊಡ್ಡ ವಿದುಷಿಯೊಬ್ಬರ ಸ್ವರದಲ್ಲಿ ಕೇಳಿದ್ದರೆ ಮರೆಯುತ್ತಿದ್ದೆನೇ? ಅವರ ಹೆಸರೂ ತಟ್ಟೆಯ ಬಣ್ಣವೂ ನೆನಪಿರುತ್ತಿತ್ತು. ಬೀಡಿ ಉಮ್ಮನ ಹಾಡನ್ನು ಕಿವಿ ಇಟ್ಟುಕೊಂಡಿತು, ಹೆಸರು ಕೊಟ್ಟು ಇಡಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ಅದು ಸಂಗೀತವೆಂದೇ ನನಗೆ ಅನ್ನಿಸಿರಲಿಲ್ಲ. ಕೆಲಸದ ನಡುವೆ ಬರುವ ಸದ್ದು, ಒರಳಿನ ಸದ್ದಿನಂತೆ.

ಕೊನೆಗೆ ಉಮ್ಮನ ಮಗಳಲ್ಲಿಗೆ ಹೋದೆ. ನನಗಿಂತ ಎರಡು ವರ್ಷ ಚಿಕ್ಕವರು, ಮೊಮ್ಮಕ್ಕಳನ್ನು ಕಂಡವರು. ಜಗಲಿಯಲ್ಲಿ ಕುಳಿತು ವಿಷಯ ಹೇಳಿದೆ. ಹೇಳಲು ಪಟ್ಟ ಕಷ್ಟ ನನಗೇ ಗೊತ್ತು. ಆಕೆ ನಕ್ಕುಬಿಟ್ಟರು.

"ಅದಕ್ಕೇನು ಮಾಷೆ? ಅದು ಉಮ್ಮನದ್ದೂ ಅಲ್ಲ. ಉಮ್ಮನ ಉಮ್ಮ ಹಾಡುತ್ತಿದ್ದದ್ದು. ಇಶಲ್ ಅಲ್ಲವೆ, ಯಾರೂ ಹಾಡಬಹುದು."

ನನಗೆ ಹಗುರಾಯಿತು. ಚಹಾ ಬಂತು. ಲೋಟ ಕೈಗೆ ಕೊಡುತ್ತ ಆಕೆ ಇನ್ನೊಂದು ಮಾತು ಸೇರಿಸಿದರು.

"ಉಮ್ಮನಿಗೆ ಗೊತ್ತಿತ್ತು ಮಾಷೆ. ನನ್ನ ಮಗನಿಗೆ ಬಹುಮಾನ ಇತ್ತೆಂದು ಆ ವರ್ಷ ಉಮ್ಮ ಶಾಲೆಗೆ ಬಂದಿದ್ದರು. ಹಾಡು ಶುರುವಾದದ್ದೇ ನನ್ನ ಕೈ ಹಿಡಿದು, 'ಕೇಳು, ನಮ್ಮ ಮಾಷ್ ನನ್ನ ಪಾಟ್ಟು ಹಾಡಿಸುತ್ತಿದ್ದಾರೆ' ಅಂದರು. ಎಷ್ಟು ಖುಷಿ! ಮುಗಿದ ಮೇಲೆ ನೀವು ಬಂದು ಮಾತಾಡಿಸುತ್ತೀರೆಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆವು. ನಿಮಗೆ ಅತಿಥಿಗಳ ಗಡಿಬಿಡಿ ಇತ್ತು."

ಆ ಸಂಜೆಯನ್ನು ನೆನಪಿಸಿಕೊಳ್ಳಲು ಬಹಳ ಪ್ರಯತ್ನಿಸಿದೆ. ಹಾರ, ಮೈಕು, ಅತಿಥಿಗಳ ಹೊಗಳಿಕೆ, ಎಲ್ಲ ನೆನಪಿದೆ. ಗೇಟಿನ ಹತ್ತಿರ ಯಾರೂ ಕಾಣಿಸುವುದಿಲ್ಲ. ಆ ಬಳಿಕ ಹತ್ತು ವರ್ಷ ಉಮ್ಮ ಬದುಕಿದ್ದರು, ದಿನವೂ ಅವರ ಅಂಗಳದ ಬದಿಯಿಂದಲೇ ನಾನು ಶಾಲೆಗೆ ಹೋಗುತ್ತಿದ್ದೆ, "ಉಮ್ಮಾ, ಸುಖವೇ?" ಎಂದು ಕೇಳುತ್ತಿದ್ದೆ. ಅವರು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನು ಮುಚ್ಚಿಡುತ್ತಿದ್ದೇನೆಂದು ತಿಳಿದರೋ, ನಾನೇ ಹೇಳಲಿ ಎಂದು ಕಾದರೋ, ಹೇಳಲು ಏನಿದೆ ಎಂದುಕೊಂಡರೋ. ಹ್ಯಾರಿಸನ್ನನಿಗೆ ಕೊನೆಗೂ ಒಂದು ತೀರ್ಪು ಸಿಕ್ಕಿತು. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂದು ಬರೆದಿತ್ತು. ಆ ವಿಷಯದಲ್ಲಿ ಅವನು ಪುಣ್ಯವಂತ.

ಮೊನ್ನೆ ಶಾಲೆಯ ಸ್ಮರಣಸಂಚಿಕೆಗೆ ಆ ಸ್ವಾಗತಗೀತೆಯನ್ನು ಕೇಳಿದ್ದರು. 'ರಚನೆ' ಎಂದು ನನ್ನ ಹೆಸರನ್ನು ಬಿಟ್ಟು 'ರಾಗಸಂಯೋಜನೆ'ಯನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಉಮ್ಮನ ಹೆಸರು ಹಾಕಲೇ ಎಂದು ಮಗಳನ್ನು ಕೇಳಿದರೆ ಆಕೆ ಒಪ್ಪಲಿಲ್ಲ: "ಬೇಡ ಮಾಷೆ, ಉಮ್ಮ ಬರೆದದ್ದಲ್ಲ, ಸುಳ್ಳಾಗುತ್ತದೆ." ಆಕೆಗಿರುವಷ್ಟು ಎಚ್ಚರ 1983ರಲ್ಲಿ ನನಗಿರಲಿಲ್ಲ. ಆ ಹಾಡಿನ ಮೊದಲ ಎರಡು ಮಾತುಗಳನ್ನು ಆಕೆಯ ಬಾಯಿಯಿಂದ ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಗೀತೆಯ ತಲೆಯ ಮೇಲೆ 'ಮಟ್ಟು' ಎಂದು ಬರೆದು ಎದುರಿಗೆ ಅವನ್ನು ಸೇರಿಸಿ ಕಳುಹಿಸಿದೆ. ಪ್ರೆಸ್ಸಿನಿಂದ ಹುಡುಗನೊಬ್ಬ ಫೋನ್ ಮಾಡಿದ. "ಸಾರ್, ಮೇಲೆ ಏನೋ ಅರ್ಥವಾಗದ ಎರಡು ಶಬ್ದ ಇದೆ, ತೆಗೆಯಲೇ?" ಎಂದು ಕೇಳಿದ. ಬೇಡ, ಇರಲಿ ಎಂದೆ.